ಕೆಲಸ ಇಲ್ಲಿಯವರ ಹಾಗೆ, ಕೇಳುವುದು ನಮ್ಮೂರಿನ ಹಾಗೆ

ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊದಿಂದ ಫೋರ್ಟ್ ಸ್ಟಾಕ್ಟನ್‌ಗೆ ಹೆಚ್ಚುಕಡಿಮೆ 500 ಕಿಲೋಮೀಟರ್. ಐ-10 ಹೆದ್ದಾರಿ. ಕೆರ್ವಿಲ್ ದಾಟಿದ ಮೇಲೆ ಗಂಟೆಗೆ 80 ಮೈಲಿ ಅಂತ ಬೋರ್ಡ್ ಇದೆ, ಅಂದರೆ ಸುಮಾರು 130 ಕಿಲೋಮೀಟರ್. ಅಷ್ಟು ಓಡಿಸಿದರೂ ದಾರಿ ಸವೆಯುವುದಿಲ್ಲ. ಎರಡೂ ಕಡೆ ಸುಣ್ಣಕಲ್ಲಿನ ಗುಡ್ಡ, ಕುರುಚಲು ಗಿಡ, ಬೇಲಿ. ಗುಡ್ಡ ಮುಗಿದರೆ ಬಯಲು, ಮತ್ತೆ ಬೇಲಿ. ಸ್ಯಾನ್ ಆಂಟೋನಿಯೊದ ಎಫ್‌ಎಂ ಸ್ಟೇಷನ್‌ಗಳು ಕೆರ್ವಿಲ್ ಹತ್ತಿರವೇ ಕರಕರ ಅನ್ನಲು ಶುರು ಮಾಡುತ್ತವೆ. ಜಂಕ್ಷನ್ ಅನ್ನುವ ಊರು ಬರುವಷ್ಟರಲ್ಲಿ ಪೂರ್ತಿ ಮಾಯ. ಸೊನೋರಾ, ಓಝೋನಾ ಥರದ ಸಣ್ಣ ಊರುಗಳ ಹತ್ತಿರ ಒಂದೆರಡು ಸ್ಟೇಷನ್ ಸಿಗುತ್ತವೆ. ಊರು ಹಿಂದೆ ಬಿದ್ದರೆ ಅವೂ ಹಿಂದೆ ಬೀಳುತ್ತವೆ. ಫೋನಿನಲ್ಲಿ ಹಾಡು ಹಾಕೋಣ ಅಂದರೆ ಸಿಗ್ನಲ್ ಕೂಡ ಹಾಗೇ, ಬಂತು ಅನ್ನುವಷ್ಟರಲ್ಲಿ ಹೋಯಿತು.

ಆ ಕಡೆ ಗಾಳಿಯಂತ್ರಗಳ ಕೆಲಸಕ್ಕೆ ತಿಂಗಳಿಗೆ ಎರಡು ಸಲವಾದರೂ ನಾನು ಹೋಗಬೇಕು. ಒಬ್ಬನೇ ಹೋಗುವುದು ಜಾಸ್ತಿ. ನನ್ನ ಗಾಡಿ 2006ರ ಫೋರ್ಡ್ ಎಫ್-150 ಪಿಕಪ್. ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಎಂಜಿನ್ ಗಟ್ಟಿಯಾಗಿದೆ. ಸ್ಟೀರಿಯೊ ಮಾತ್ರ ಕೈಕೊಟ್ಟಿತ್ತು. ಸಿಡಿ ಒಳಗೆ ಹೋದರೆ ಹೊರಗೆ ಬರುತ್ತಿರಲಿಲ್ಲ, ಬಲಗಡೆ ಬಾಗಿಲಿನ ಸ್ಪೀಕರ್ ಪೇಪರ್ ಹರಿದು ಪ್ರತಿ ಮಾತಿಗೂ ಜೊಯ್ಯೋ ಅನ್ನುತ್ತಿತ್ತು. ಐದು ಗಂಟೆ ದಾರಿ ಮೌನವಾಗಿ ಹೋಗಿ ಐದು ಗಂಟೆ ಮೌನವಾಗಿ ಬರುವುದು ಒಂದು ಸಲ ಚೆಂದ. ಹತ್ತನೇ ಸಲಕ್ಕೆ ಕಣ್ಣು ಎಳೆಯುತ್ತದೆ. ಇದು ಶೋಕಿಯ ವಿಷಯ ಅಲ್ಲ. ಒಂಟಿಯಾಗಿ ದೂರ ಓಡಿಸುವವನಿಗೆ ಎಚ್ಚರವಾಗಿಡುವ ಒಂದು ದನಿ ಬೇಕೇ ಬೇಕು. ಹೊಸ ಟ್ರಕ್ ಬೇಡ, ಹಳೆಯದಕ್ಕೇ ಹೊಸ ಸ್ಟೀರಿಯೊ ಹಾಕಿ, ಉಪಗ್ರಹದಿಂದ ನೇರವಾಗಿ ಬರುವ ಸ್ಯಾಟಲೈಟ್ ರೇಡಿಯೊ ಸೇರಿಸೋಣ ಅಂತ ಮನಸ್ಸು ಮಾಡಿದೆ.

ಈ ಒಂದು ಕೆಲಸದಲ್ಲಿ ಎರಡು ನಾಡಿನ ರೀತಿಗಳು ನನಗೆ ಎದುರುಬದುರಾಗಿ ಕಂಡವು. ಕೆಲಸ ಮಾಡುವ ರೀತಿಯಲ್ಲಿ ಇಲ್ಲಿಯವರು ಸರಿ, ರೇಡಿಯೊ ಕೇಳುವ ರೀತಿಯಲ್ಲಿ ನಮ್ಮೂರಿನವರು ಸರಿ. ಇದು ನನ್ನ ಅನಿಸಿಕೆ. ಯಾಕೆ ಅಂತ ಹೇಳುತ್ತೇನೆ.

ನಮ್ಮದು ಅರಸೀಕೆರೆ. ಸೋದರಮಾವನ ಹತ್ತಿರ ಒಂದು ಟಾಟಾ 407 ಇತ್ತು. ಸುತ್ತಲಿನ ಹಳ್ಳಿಗಳ ಕೊಬ್ಬರಿ ಹೇರಿಕೊಂಡು ಬಿ.ಎಚ್. ರಸ್ತೆಯಲ್ಲಿ ತಿಪಟೂರಿನ ಎಪಿಎಂಸಿಗೆ ಹೋಗುವುದು ಅದರ ಕೆಲಸ. 2003ರಲ್ಲಿ ನಾನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಮಾವ ಗಾಡಿ ತಂದು, "ಇದಕ್ಕೊಂದು ಒಳ್ಳೆ ಟೇಪು ಹಾಕಿಸ್ಬೇಕು ಕಣಪ್ಪಾ, ಜೊತೆಗೆ ಬಾ" ಅಂದರು. ಜೆ.ಸಿ. ರೋಡಿಗೆ ಹೋದೆವು. ಗೊತ್ತಿರುವವರಿಗೆ ಗೊತ್ತು, ಟೌನ್‌ಹಾಲ್ ಕಡೆಯಿಂದ ಮಿನರ್ವಾ ಸರ್ಕಲ್ ಕಡೆ ನಡೆದರೆ ಸಾಲಾಗಿ ಸೀಟ್ ಕವರ್, ಹಾರನ್, ಸ್ಟೀರಿಯೊ ಅಂಗಡಿಗಳು. ಫುಟ್‌ಪಾತ್ ಪಕ್ಕದಲ್ಲೇ ಗಾಡಿ ನಿಲ್ಲಿಸಿದೆವು. ಹದಿನೆಂಟು ಹತ್ತೊಂಬತ್ತರ ಹುಡುಗ ಬಂದ. "ಸಾರ್, ಒಂದ್ ಟೀ ಕುಡ್ಕೊಂಡ್ ಬನ್ನಿ" ಅಂದ. ಬಾಯಲ್ಲೇ ವೈರ್ ಕಚ್ಚಿ ಪ್ಲಾಸ್ಟಿಕ್ ಸುಲಿದ. ಎರಡು ತುದಿ ಸೇರಿಸಿ ತಿರುಚಿದ, ಕಪ್ಪು ಟೇಪ್ ಸುತ್ತಿದ. ಬಲ್ಬ್ ಇರುವ ಟೆಸ್ಟರ್ ಒಂದನ್ನು ಬಿಟ್ಟರೆ ಅವನ ಹತ್ತಿರ ಇನ್ನೇನೂ ಇರಲಿಲ್ಲ. ಯಾವ ಗಾಡಿಯ ಯಾವ ವೈರ್ ಎಲ್ಲಿ ಅಂತ ಪುಸ್ತಕ ನೋಡಲಿಲ್ಲ. ಒಂದು ಗಂಟೆಯೊಳಗೆ ಮಾವನ ಗಾಡಿ ಹಾಡಿತು.

ಆ ಹುಡುಗನ ಕೈಗುಣದ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಆದರೆ ಆ ದಿನ ಮಾವನಾಗಲಿ ನಾನಾಗಲಿ ಏನೂ ಕಲಿಯಲಿಲ್ಲ. ಎಂಟು ತಿಂಗಳಿಗೆ ಒಂದು ಕಡೆ ದನಿ ನಿಂತಿತು. ಬಿಸಿಲಿಗೆ ಟೇಪಿನ ಅಂಟು ಕರಗಿ ವೈರ್ ಬಿಟ್ಟುಕೊಂಡಿತ್ತು, ಅಷ್ಟೇ. ಅದನ್ನು ಸರಿಮಾಡಲು ಎರಡು ನಿಮಿಷ ಸಾಕು. ಮಾವನಿಗೆ ಅದು ಗೊತ್ತಿರಲಿಲ್ಲ. ಬೆಂಗಳೂರಿಗೆ ಬರುವ ಬಾಡಿಗೆ ಸಿಗುವವರೆಗೆ, ಎರಡು ತಿಂಗಳು, ಒಂದೇ ಕಿವಿಯ ಹಾಡು ಕೇಳಿಕೊಂಡು ಓಡಿಸಿದರು. ಇಪ್ಪತ್ತು ವರ್ಷ ಲಾರಿ ಓಡಿಸಿದ ಮನುಷ್ಯ. ಗೇರ್‌ನ ಸದ್ದಿನಲ್ಲೇ ಗಾಡಿಯ ಕಾಯಿಲೆ ಹೇಳುತ್ತಿದ್ದರು. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕುವುದು ಮಾತ್ರ "ನಮ್ಮ ಕೆಲಸ ಅಲ್ಲ" ಅಂತ ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

ಟೆಕ್ಸಸ್‌ನಲ್ಲಿ ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಸ್ಟೀರಿಯೊ ಕೆಟ್ಟಿದೆ ಅಂತ ಪಕ್ಕದ ಮನೆಯ ಹಿರಿಯರಿಗೆ ಹೇಳಿದೆ. ರೈಲ್ವೆ ಕೆಲಸದಿಂದ ನಿವೃತ್ತರಾದವರು. ಯಾವ ಅಂಗಡಿಗೆ ಕೊಡುತ್ತೀರಿ ಅಂತ ಅವರು ಕೇಳಲೇ ಇಲ್ಲ. ಯಾವ ಶನಿವಾರ ಮಾಡುತ್ತೀರಿ ಅಂತ ಕೇಳಿದರು. ಅವರ ಗ್ಯಾರೇಜಿನ ಗೋಡೆಯಲ್ಲಿ ಒಂದೊಂದು ಪಾನಾಕ್ಕೂ ಪೆನ್ಸಿಲಿನಲ್ಲಿ ಅದರದೇ ಗುರುತು ಬರೆದಿದೆ. ತೆಗೆದುಕೊಂಡವರು ಅದೇ ಜಾಗಕ್ಕೆ ಇಡಬೇಕು.

ಇದನ್ನು ಸುಮ್ನೆ ಇಲ್ಲಿಯವರ ಸ್ವಭಾವ ಅಂದುಬಿಟ್ಟರೆ ತಪ್ಪಾಗುತ್ತದೆ. ಇಲ್ಲಿ ಕೂಲಿ ದುಬಾರಿ, ಅದೊಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಯಾರು ಬೇಕಾದರೂ ಮಾಡುವ ಹಾಗೆ ಸಾಮಾನುಗಳೇ ಸಿಗುತ್ತವೆ. ನಮ್ಮಲ್ಲಿ ಕಪ್ಲರ್ ಅಂತೀವಲ್ಲ, ಅದೇ ಇಲ್ಲಿಯ ದೊಡ್ಡ ಗುಟ್ಟು. ಗಾಡಿಯ ಮಾಡೆಲ್ಲು, ವರ್ಷ ಹೇಳಿದರೆ ಅದಕ್ಕೆ ಸರಿಯಾಗಿ ಕೂರುವ ಕಪ್ಲರ್ ಸಿಗುತ್ತದೆ. ಅದರ ಒಂದು ತುದಿ ಗಾಡಿಯ ಕಂಪನಿ ವೈರಿಂಗ್‌ಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ ಬಿಡಿ ವೈರ್‌ಗಳು. ಹೊಸ ಸ್ಟೀರಿಯೊ ಜೊತೆಗೂ ಬಿಡಿ ವೈರ್‌ಗಳು ಬರುತ್ತವೆ. ಬಣ್ಣಕ್ಕೆ ಬಣ್ಣ ಸೇರಿಸಬೇಕು, ಅಷ್ಟೇ. ಗಾಡಿಯ ಮೂಲ ವೈರಿಂಗ್‌ಗೆ ಒಂದೇ ಒಂದು ಕಡೆಯೂ ಕತ್ತರಿ ಬೀಳುವುದಿಲ್ಲ. ನಾಳೆ ಗಾಡಿ ಮಾರುವಾಗ ಹಳೇ ಸ್ಟೀರಿಯೊ ವಾಪಸ್ ಹಾಕಬಹುದು.

ಆ ಬಣ್ಣಗಳನ್ನು ಎಲ್ಲರೂ ಬಾಯಿಪಾಠ ಮಾಡಬೇಕು ಅನ್ನುವುದು ನನ್ನ ಆಸೆ. ಹಳದಿ ಅಂದರೆ ಬ್ಯಾಟರಿಯಿಂದ ಯಾವಾಗಲೂ ಬರುವ 12 ವೋಲ್ಟ್. ಕೀ ತೆಗೆದರೂ ಗಡಿಯಾರ, ಸ್ಟೇಷನ್ ನೆನಪು ಉಳಿಯುವುದು ಇದರಿಂದ. ಕೆಂಪು, ಕೀ ತಿರುಗಿಸಿದಾಗ ಮಾತ್ರ ಬರುವ ಕರೆಂಟು. ಕಪ್ಪು ಅರ್ತು, ಅಂದರೆ ಗಾಡಿಯ ಕಬ್ಬಿಣದ ಮೈಗೆ ಸೇರಿಸುವ ವೈರ್. ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ಆಂಪ್ಲಿಫೈಯರ್ ಆನ್ ಮಾಡುವುದಕ್ಕೆ. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ಮೈನಸ್. ಹೊರಗಡೆ ಕೊಳ್ಳುವ ಸ್ಟೀರಿಯೊಗಳಲ್ಲಿ ಯಾವ ಬ್ರ್ಯಾಂಡ್ ಆದರೂ ಹೆಚ್ಚಾಗಿ ಇದೇ ಬಣ್ಣ. ಜೆ.ಸಿ. ರೋಡಿನ ಆ ಹುಡುಗನ ಕೈಯಲ್ಲಿದ್ದದ್ದೂ ಇದೇ ಹಳದಿ, ಇದೇ ಕೆಂಪು! ಸ್ಟೀರಿಯೊ ಕೂರುವ ಕಂಡಿಯ ಅಳತೆಯೂ ಹಾಗೇ. ಜರ್ಮನಿಯವರು ಗೊತ್ತು ಮಾಡಿದ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಈ ಅಳತೆಗೆ ಡಿನ್ ಅಂತ ಹೆಸರು, ಎರಡು ಪಟ್ಟು ಎತ್ತರ ಇದ್ದರೆ ಡಬಲ್ ಡಿನ್. ಲೋಕದ ತುಂಬ ಒಂದೇ ಅಳತೆ, ಒಂದೇ ಬಣ್ಣ ಇರುವಾಗ ನಾವು ಯಾಕೆ ದೂರ ನಿಂತು ನೋಡಬೇಕು, ಅಲ್ವಾ?

ಶನಿವಾರ ಬೆಳಗ್ಗೆ ಏಳಕ್ಕೆ ಶುರು ಮಾಡಿದೆವು. ಮೊದಲು 10ರ ಪಾನಾ ಹಿಡಿದು ಬ್ಯಾಟರಿಯ ಮೈನಸ್ ಬಿಚ್ಚಿಟ್ಟೆವು. ಇದನ್ನು ಮರೆಯಬಾರದು, ಫ್ಯೂಸ್ ಉಳಿಯುತ್ತದೆ, ಒಂದೊಂದು ಸಲ ಗಾಡಿಯೇ ಉಳಿಯುತ್ತದೆ. ನನ್ನ ಎಫ್-150ಯಲ್ಲಿ ಡ್ಯಾಶ್‌ಬೋರ್ಡಿನ ನಡುವಿನ ಪ್ಲಾಸ್ಟಿಕ್ ಚೌಕಟ್ಟು ಕ್ಲಿಪ್ ಮೇಲೆ ನಿಂತಿದೆ. ಎಳೆದರೆ ಪಟಪಟ ಬಿಟ್ಟುಕೊಂಡಿತು. ಹಿಂದೆ 7ರ ನಾಲ್ಕು ಸ್ಕ್ರೂ. ಹಳೇ ಸ್ಟೀರಿಯೊ ಕೈಗೆ ಬಂತು, ಹಿಂದೆಯೆಲ್ಲ ಹದಿನೈದು ವರ್ಷದ ಕೆಂಪು ಧೂಳು.

ವೈರ್ ಜೋಡಿಸುವ ಕೆಲಸ ಗಾಡಿಯ ಒಳಗೆ ಬಗ್ಗಿ ಮಾಡುವುದಲ್ಲ ಅಂತ ಆ ಹಿರಿಯರು ಹೇಳಿಕೊಟ್ಟರು. ಕಪ್ಲರ್ ಮತ್ತು ಸ್ಟೀರಿಯೊ ವೈರ್ ಎರಡನ್ನೂ ಮೇಜಿನ ಮೇಲೆ ಇಟ್ಟು, ಆರಾಮಾಗಿ ಕೂತು, ಒಂದೊಂದು ಜೋಡಿಯನ್ನೂ ಬೆಸುಗೆ ಹಾಕಿದೆವು. ಪ್ರತಿ ಬೆಸುಗೆ ಮೇಲೆ ಪ್ಲಾಸ್ಟಿಕ್ ಕೊಳವೆ ಎಳೆದು ಬಿಸಿ ತೋರಿಸಿದರೆ ಅದು ಮುದುಡಿ ಚರ್ಮದ ಹಾಗೆ ಅಂಟಿಕೊಳ್ಳುತ್ತದೆ. ಟೆಕ್ಸಸ್ ಬಿಸಿಲಿಗೆ ಟೇಪ್ ನಿಲ್ಲುವುದಿಲ್ಲ, ಅರಸೀಕೆರೆ ಬಿಸಿಲಿಗೂ ನಿಲ್ಲಲಿಲ್ಲವಲ್ಲ.

ಒಂದು ತಪ್ಪು ಮಾಡಿದೆ. ಕಪ್ಪು ವೈರನ್ನು ಡ್ಯಾಶ್‌ಬೋರ್ಡಿನ ಹಿಂದೆ ಸಿಕ್ಕಿದ ಒಂದು ಬ್ರಾಕೆಟ್‌ಗೆ ಕಟ್ಟಿದೆ. ಎಂಜಿನ್ ಶುರುವಾದಾಗ ಹಾಡಿನ ಹಿಂದೆ ಸಣ್ಣದಾಗಿ ಕುಂಯ್ ಅನ್ನುವ ಕೂಗು. ಆಕ್ಸಿಲರೇಟರ್ ಒತ್ತಿದರೆ ಕೂಗೂ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಸೊಳ್ಳೆ ಕಿವಿಯ ಹತ್ತಿರ ಬಂದು ಹೋದ ಹಾಗೆ. ಎಂಜಿನ್ ಜೊತೆ ತಿರುಗಿ ಕರೆಂಟ್ ತಯಾರಿಸುವ ಆಲ್ಟರ್ನೇಟರಿನ ಸದ್ದು ಸರಿಯಾದ ಅರ್ತ್ ಇಲ್ಲದೆ ಸ್ಪೀಕರ್‌ಗೆ ನುಗ್ಗುತ್ತಿತ್ತು. ಆ ಬ್ರಾಕೆಟ್‌ಗೆ ದಪ್ಪ ಬಣ್ಣ ಬಳಿದಿತ್ತು, ಬಣ್ಣದ ಮೇಲೆ ಕರೆಂಟ್ ಹರಿಯುವುದಿಲ್ಲ. ಬೇರೆ ಜಾಗ ಹುಡುಕಿ, ಬಣ್ಣ ಕೆರೆದು, ಕಬ್ಬಿಣ ಬೆಳ್ಳಗೆ ಹೊಳೆಯುವ ಹಾಗೆ ಮಾಡಿ, ರಿಂಗ್ ಹಾಕಿ ಬೋಲ್ಟ್ ಬಿಗಿದೆ. ಕೂಗು ನಿಂತಿತು. ಆಗ ಆದ ಖುಷಿ ದುಡ್ಡು ಕೊಟ್ಟು ಮಾಡಿಸಿದ್ದರೆ ಸಿಗುತ್ತಿರಲಿಲ್ಲ. ಖುಷಿಗಿಂತ ಮುಖ್ಯ, ಇನ್ನು ಮುಂದೆ ಫೋರ್ಟ್ ಸ್ಟಾಕ್ಟನ್ ದಾರಿಯ ನಡುವೆ ಏನಾದರೂ ನಿಂತರೆ ಎಲ್ಲಿ ನೋಡಬೇಕು ಅಂತ ನನಗೆ ಗೊತ್ತು.

ಸ್ಪೀಕರ್ ಬಗ್ಗೆ ಒಂದು ಮಾತು. ಜನ ಪರದೆ ದೊಡ್ಡದಿರುವ ಸ್ಟೀರಿಯೊಗೆ ದುಡ್ಡು ಸುರಿದು ಸ್ಪೀಕರ್ ಹಳೆಯದೇ ಬಿಡುತ್ತಾರೆ. ಅದು ತಲೆಕೆಳಗು ಲೆಕ್ಕ. ಡಬ್ಬದ ಮೇಲೆ 50 ವ್ಯಾಟ್ ಗುಣಿಸು 4 ಅಂತ ಬರೆದಿರುತ್ತದೆ. ಒಂದೇ ಸಮ ಕೊಡುವುದು ಅದರ ಅರ್ಧದಷ್ಟೂ ಇಲ್ಲ. ಕಡಿಮೆ ಶಕ್ತಿಯಲ್ಲೂ ತೆರೆದು ಹಾಡುವ ಸ್ಪೀಕರ್ ಹಾಕಿದರೆ ಕಿವಿಗೆ ಗೊತ್ತಾಗುವ ಬದಲಾವಣೆ ಬರುವುದು ಅಲ್ಲಿಂದ. ಫೋರ್ಡ್‌ನವರ ಬಾಗಿಲಲ್ಲಿ 6ಕ್ಕೆ 8 ಇಂಚಿನ ಮೊಟ್ಟೆಯಾಕಾರದ ಸ್ಪೀಕರ್ ಕೂರುತ್ತದೆ. ನಾಲ್ಕೂ ಬದಲಿಸಿದೆ.

ಇನ್ನು ಸ್ಯಾಟಲೈಟ್ ರೇಡಿಯೊ. ಅದಕ್ಕೆ ಬೇಕಾದ ಟ್ಯೂನರ್ ಅಂಗೈ ಅಗಲದ ಪೆಟ್ಟಿಗೆ. ಸ್ಟೀರಿಯೊ ಹಿಂದೆ ಅದರ ಒಂದೇ ವೈರ್ ಸಿಕ್ಕಿಸಿದರೆ ಆಯಿತು. ಆಂಟೆನಾ ಬೆಂಕಿಪೊಟ್ಟಣದಷ್ಟಿದೆ, ಅಡಿಯಲ್ಲಿ ಮ್ಯಾಗ್ನೆಟ್. ಚಾವಣಿ ಮೇಲೆ ಇಟ್ಟರೆ ಟಕ್ ಅಂತ ಕೂರುತ್ತದೆ. ನನ್ನದು ಹಳೇ ಗಾಡಿ, ಉಕ್ಕಿನ ಮೈ. 2015ರಿಂದ ಎಫ್-150 ಅಲ್ಯುಮಿನಿಯಂ ಮೈಯಲ್ಲಿ ಬರುತ್ತಿದೆ, ಅದಕ್ಕೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಅಂಟಿಸುವ ಪಟ್ಟಿಯೇ ಬೇಕು. ಆಂಟೆನಾದ ತೆಳು ವೈರನ್ನು ಹಿಂದಿನ ಕಿಟಕಿ ಮೇಲಿರುವ ಬ್ರೇಕ್ ಲೈಟಿನ ಕಂಡಿಯಿಂದ ಒಳಗೆ ತಂದೆ. ಒಳಗೆ ಹೋಗುವ ಮುಂಚೆ ಸ್ವಲ್ಪ ಜೋತುಬೀಳುವ ಹಾಗೆ ಬಿಟ್ಟೆ. ಮಳೆನೀರು ವೈರ್ ಹಿಡಿದು ಬಂದರೆ ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೊರಗೇ ಬೀಳಲಿ ಅಂತ.

ಎಲ್ಲ ಆದ ಮೇಲೆ ಗಾಡಿಯನ್ನು ಮರದ ನೆರಳಿನಿಂದ ಆಚೆ ತಂದು ನಿಲ್ಲಿಸಿ, ಚಾನೆಲ್ 0ಗೆ ತಿರುಗಿಸಿದೆ. ಪರದೆಯಲ್ಲಿ ಅಕ್ಷರ ಅಂಕಿ ಸೇರಿದ ಒಂದು ಗುರುತು ಬಂತು. ಆ ರೇಡಿಯೊದ ಹೆಸರು ಅದು. ಅದನ್ನು ಕಂಪನಿಗೆ ತಿಳಿಸಿ ಚಂದಾ ಕಟ್ಟಿದರೆ ಅವರು ಆಕಾಶದಿಂದಲೇ ಆ ಒಂದು ಪೆಟ್ಟಿಗೆಗೆ ಬೀಗ ತೆಗೆಯುತ್ತಾರೆ. ರೇಡಿಯೊ ಆನ್ ಮಾಡಿ ಕಾಯಬೇಕು. ಹೆಂಡತಿ ಕಾಫಿ ತಂದಳು. ಇಬ್ಬರೂ ಮುಂದಿನ ಸೀಟಿನಲ್ಲಿ ಕೂತು ಕಾದೆವು. ಲೋಟ ಅರ್ಧ ಆಗುವಷ್ಟರಲ್ಲಿ ಒಂದೊಂದೇ ಚಾನೆಲ್ ತೆರೆದುಕೊಂಡವು.

ಭೂಮಧ್ಯರೇಖೆಯ ಮೇಲೆ, ನೆಲದಿಂದ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ನಿಂತ ಉಪಗ್ರಹದಿಂದ ನನ್ನ ಟ್ರಕ್ಕಿನ ಮೇಲಿನ ಬೆಂಕಿಪೊಟ್ಟಣಕ್ಕೆ ದನಿ ಬರುತ್ತದೆ. ಇದನ್ನು ನೆನೆದಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಒಂದಲ್ಲ, ಎರಡು ಉಪಗ್ರಹ, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಒಂದು ಗುಡ್ಡಕ್ಕೆ ಮರೆಯಾದರೆ ಇನ್ನೊಂದು ಕಾಣುತ್ತದೆ. ಕೆಲವು ಕ್ಷಣದ ದನಿ ರಿಸೀವರಿನಲ್ಲಿ ಕೂಡಿಟ್ಟಿರುವುದರಿಂದ ಸೇತುವೆ ಅಡಿ ಹೋದಾಗ ಹಾಡು ತುಂಡಾಗುವುದಿಲ್ಲ. ದೊಡ್ಡ ಊರುಗಳಲ್ಲಿ ಕಟ್ಟಡ ಅಡ್ಡ ಬರುತ್ತವೆ ಅಂತ ನೆಲದ ಮೇಲೂ ಮರುಪ್ರಸಾರದ ಕಂಬ ನಿಲ್ಲಿಸಿದ್ದಾರೆ. ಎಕ್ಸ್‌ಎಂ ಅನ್ನುವ ಸ್ಯಾಟಲೈಟ್ ರೇಡಿಯೊ ಕಂಪನಿಯ ಪ್ರಸಾರ 2001ರಲ್ಲಿ ಶುರುವಾಯಿತು, ಸಿರಿಯಸ್ ಅನ್ನುವ ಇನ್ನೊಂದು ಕಂಪನಿಯದು 2002ರಲ್ಲಿ. 2008ರಲ್ಲಿ ಎರಡೂ ಒಂದಾದವು. ಎಕ್ಸ್‌ಎಂನ ಮೊದಲ ಎರಡು ಉಪಗ್ರಹಗಳ ಹೆಸರು ರಾಕ್ ಮತ್ತು ರೋಲ್.

ದನಿಯ ಗುಣದ ವಿಷಯದಲ್ಲಿ ನಿಜ ಹೇಳಬೇಕು. ನೂರಾರು ಚಾನೆಲ್ಲುಗಳನ್ನು ಒಂದು ಕಿರಿದಾದ ದಾರಿಯಲ್ಲಿ ಒತ್ತಿ ತುಂಬಿ ಕಳಿಸುತ್ತಾರೆ. ಹಾಗಾಗಿ ಹತ್ತಿರದ ಎಫ್‌ಎಂ ಸ್ಟೇಷನ್ನಿನ ಅಷ್ಟು ತುಂಬಿದ ದನಿ ಇಲ್ಲ. ಮಾತಿನ ಚಾನೆಲ್ ಇನ್ನೂ ತೆಳು. ತಾಳದ ಸದ್ದು ಕೆಲವು ಸಲ ನೀರಿನಲ್ಲಿ ಅದ್ದಿದ ಹಾಗೆ ಕೇಳುತ್ತದೆ. ಹೊಸ ಸ್ಪೀಕರ್ ಹಾಕಿದ ಮೇಲೆ ಈ ಕೊರತೆ ಇನ್ನೂ ಚೆನ್ನಾಗಿ ಗೊತ್ತಾಯಿತು. ಆದರೂ ಓಝೋನಾ ಆಚೆ, ಫೋನೂ ಇಲ್ಲದ, ಎಫ್‌ಎಂ ಕೂಡ ಇಲ್ಲದ ಕಡೆ, ಒಂದೇ ಸಮನಾಗಿ ಬರುವ ದನಿಗೆ ತಿಂಗಳು ತಿಂಗಳು ದುಡ್ಡು ಕೊಡುವುದು ನನಗೆ ದಂಡ ಅನ್ನಿಸಿಲ್ಲ.

ಊರಿನ ಸ್ನೇಹಿತರಿಗೆ ಇದು ಅರ್ಥ ಆಗುವುದಿಲ್ಲ. "ರೇಡಿಯೊಗೆ ದುಡ್ಡಾ?" ಅಂತ ಕೇಳುತ್ತಾರೆ. ಆದರೆ ನಾವೂ ಒಂದು ಕಾಲದಲ್ಲಿ ಕೊಟ್ಟವರೇ. ಅಜ್ಜನ ಟ್ರಂಕಿನಲ್ಲಿ ರೇಡಿಯೊ ಲೈಸೆನ್ಸಿನ ಸಣ್ಣ ಪುಸ್ತಕ ಒಂದಿತ್ತು. ವರ್ಷ ವರ್ಷ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ ಅದರಲ್ಲಿ ಗುರುತು ಹಾಕಿಸಬೇಕಿತ್ತು. 1980ರ ದಶಕದಲ್ಲಿ ಆ ಲೈಸೆನ್ಸ್ ರದ್ದಾಯಿತು.

ಸ್ಯಾಟಲೈಟ್ ರೇಡಿಯೊ ಕೂಡ ನಮಗೆ ಹೊಸದಲ್ಲ. ಬೆಂಗಳೂರಿನಲ್ಲಿದ್ದವರಿಗೆ ವರ್ಲ್ಡ್‌ಸ್ಪೇಸ್ ನೆನಪಿರಬಹುದು. 2000ದಲ್ಲಿ ಹಾರಿಸಿದ ಏಷ್ಯಾಸ್ಟಾರ್ ಉಪಗ್ರಹದಿಂದ ಬರುತ್ತಿತ್ತು. ಅದರ ಚಂದಾದಾರರಲ್ಲಿ ಹೆಚ್ಚಿನವರು ಭಾರತದವರೇ. ಅದರಲ್ಲಿ ಕನ್ನಡಕ್ಕೇ ಒಂದು ಚಾನೆಲ್ ಇತ್ತು, ಸ್ಪರ್ಶ. ಕರ್ನಾಟಕ ಸಂಗೀತಕ್ಕೆ ಶ್ರುತಿ. ಗೆಳೆಯನ ಮನೆಯಲ್ಲಿ ಕಿಟಕಿಯ ಸರಳಿಗೆ ಪುಟ್ಟ ಆಂಟೆನಾ ಕಟ್ಟಿ, ಆಗ್ನೇಯದ ಆಕಾಶಕ್ಕೆ ತಿರುಗಿಸಿ, ಸಿಗ್ನಲ್ ಗೆರೆ ಏರುವವರೆಗೆ ಒಬ್ಬ ಹಿಡಿದುಕೊಂಡು ಇನ್ನೊಬ್ಬ ನೋಡುತ್ತಿದ್ದೆವು. ಒಂದು ಸಲ ಸಿಕ್ಕರೆ ದಿನವಿಡೀ ಜಾಹೀರಾತಿನ ಕಾಟ ಇಲ್ಲದ ಹಾಡು. ಆದರೆ ಓಡುವ ಗಾಡಿಗೆ ಅದು ಬರಲಿಲ್ಲ. ಊರೊಳಗೆ ಅದಕ್ಕೆ ನೆಲದ ಮೇಲಿನ ಮರುಪ್ರಸಾರದ ಕಂಬ ಬೇಕಿತ್ತು, ಅದು ಆಗಲಿಲ್ಲ. 2008ರಲ್ಲಿ ಕಂಪನಿ ದಿವಾಳಿಗೆ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಸೇವೆ ನಿಂತಿತು. ಆಕಾಶದಿಂದ ನೇರವಾಗಿ ರೇಡಿಯೊ ಪೆಟ್ಟಿಗೆಗೆ ಇಳಿಯುತ್ತಿದ್ದ ಕನ್ನಡದ ಚಾನೆಲ್ ಅಲ್ಲಿಗೆ ಮುಗಿಯಿತು. ಈಗ ನನ್ನ ಟ್ರಕ್ಕಿನಲ್ಲಿ ನೂರಾರು ಚಾನೆಲ್ ಇವೆ, ಕನ್ನಡದ್ದು ಒಂದೂ ಇಲ್ಲ. ನನಗೆ ಇದು ದೊಡ್ಡ ನೋವು.

ಕರ್ನಾಟಕದಲ್ಲಿ ಗಾಡಿಗೆ ಸ್ಯಾಟಲೈಟ್ ರೇಡಿಯೊ ಈಗ ಬಂದರೂ ನಾನು ಹಾಕಿಸಿ ಅನ್ನುವುದಿಲ್ಲ. ಶಿರಾ ದಾಟಿದರೆ ಹಿರಿಯೂರು, ಹಿರಿಯೂರು ದಾಟಿದರೆ ಚಿತ್ರದುರ್ಗ. ಊರಿಗೆ ಊರು ಅಂಟಿಕೊಂಡಿದೆ, ಆಕಾಶವಾಣಿ ಕೈಬಿಡುವುದಿಲ್ಲ, ಅದೂ ಪುಕ್ಕಟೆ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸ್ಟೇಷನ್ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಆ ಸ್ಟೇಷನ್ನಿನದು, ದೇಶಕ್ಕೆಲ್ಲ ಹೋದದ್ದು ಆಮೇಲೆ. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದೂ ಬೆಂಗಳೂರಿನಲ್ಲೇ, 2001ರಲ್ಲಿ. ನಮ್ಮಲ್ಲಿ ಕಡಿಮೆ ಇರುವುದು ಬೇರೆ. ಖಾಸಗಿ ಎಫ್‌ಎಂನವರು ತಮ್ಮದೇ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿಯ ವಾರ್ತೆಯನ್ನೇ ಮತ್ತೆ ಹಾಕಬೇಕು. ಇಲ್ಲಿ ಸಣ್ಣ ಊರಿನ ಸ್ಟೇಷನ್ ಕೂಡ ತನ್ನ ಊರಿನ ಶಾಲೆ, ಮಳೆ, ದನದ ಸಂತೆ, ಸಾವಿನ ಸುದ್ದಿ ಹೇಳುತ್ತದೆ. ಅರಸೀಕೆರೆಯಂಥ ಊರಿಗೆ ಅಂಥದ್ದು ಬೇಕು. ಉಪಗ್ರಹಕ್ಕಿಂತ ಮೊದಲು ಬೇಕು.

ಈಗ ಕೇಳುವ ರೀತಿ. ಇಲ್ಲಿಯ ನನ್ನ ಸಹೋದ್ಯೋಗಿಗಳ ಟ್ರಕ್ ಹತ್ತಿದರೆ ಬೆರಳು ಸುಮ್ಮನಿರುವುದಿಲ್ಲ. ಅರ್ಧ ಹಾಡಿಗೆ ಚಾನೆಲ್ ಬದಲು, ಕಾಲು ಹಾಡಿಗೆ ಇನ್ನೊಂದು. ಅರವತ್ತರ ದಶಕಕ್ಕೆ ಒಂದು ಚಾನೆಲ್, ಎಪ್ಪತ್ತಕ್ಕೆ ಒಂದು, ಎಂಬತ್ತಕ್ಕೆ ಒಂದು. ಅಪ್ಪನಿಗೆ ಒಂದು, ಮಗನಿಗೆ ಇನ್ನೊಂದು, ಹಿಂದಿನ ಸೀಟಿನ ಮಕ್ಕಳ ಕಿವಿಯಲ್ಲಿ ಅವರವರದೇ. ಐದು ಗಂಟೆ ಜೊತೆಗೆ ಹೋದರೂ ಒಂದು ಹಾಡನ್ನು ಎಲ್ಲರೂ ಪೂರ್ತಿ ಕೇಳಿರುವುದಿಲ್ಲ.

ಮಾವನ 407ರಲ್ಲಿ ಟೇಪು ಇದ್ದರೂ ಬೆಳಗ್ಗೆ ಹೊತ್ತು ರೇಡಿಯೊನೇ. ಚಿಂತನ, ವಾರ್ತೆ, ಆಮೇಲೆ ಚಿತ್ರಗೀತೆ. ಹಾಡು ಇಷ್ಟ ಇಲ್ಲ ಅಂತ ಯಾರೂ ಗುಂಡಿ ತಿರುಗಿಸುತ್ತಿರಲಿಲ್ಲ. ಮುಂದಿನದು ಚೆನ್ನಾಗಿರಬಹುದು ಅಂತ ಕಾಯುತ್ತಿದ್ದೆವು. ಕ್ಲೀನರ್ ಹುಡುಗ, ಮಾವ, ನಾನು, ದಾರಿಯಲ್ಲಿ ಹತ್ತಿದ ಯಾರೋ ಅಜ್ಜಿ, ಎಲ್ಲರಿಗೂ ಒಂದೇ ದನಿ. ಅಜ್ಜಿಗೆ ಗೊತ್ತಿರುವ ಹಾಡು ಬಂದರೆ ಅಜ್ಜಿ ಗುನುಗುತ್ತಿದ್ದರು, ಮಾವ ದನಿ ಸ್ವಲ್ಪ ಏರಿಸುತ್ತಿದ್ದರು. ನಾನು ಕೇಳಬೇಕು ಅಂತ ಆರಿಸದ ಎಷ್ಟೋ ಹಾಡು ನನ್ನ ನೆನಪಿನಲ್ಲಿ ಉಳಿದಿರುವುದು ಹೀಗೆ.

ಅದಕ್ಕೇ ನನ್ನ ಟ್ರಕ್ಕಿನಲ್ಲಿ ಒಂದು ಕಟ್ಟುಪಾಡು ಹಾಕಿಕೊಂಡಿದ್ದೇನೆ. ಹೊರಡುವಾಗ ಒಂದು ಚಾನೆಲ್. ಜಂಕ್ಷನ್‌ನಲ್ಲಿ ಪೆಟ್ರೋಲಿಗೆ ನಿಲ್ಲಿಸುವವರೆಗೆ ಅದೇ. ಮಗಳು ಜೊತೆಗಿದ್ದರೆ ಆರಿಸುವುದು ಅವಳ ಸರದಿ, ಕೇಳುವುದು ಇಬ್ಬರೂ. ಹೀಗೆ ಕೇಳಿದ್ದರಿಂದಲೇ ಇಲ್ಲಿಯ ಹಳ್ಳಿಗಾಡಿನ ಹಳೇ ಕಂಟ್ರಿ ಹಾಡುಗಳ ರುಚಿ ನನಗೆ ಹತ್ತಿತು. ಲಾರಿ ಡ್ರೈವರ್, ದೂರದ ಮನೆ, ಕಾಯುವ ತಾಯಿ, ಅವುಗಳಲ್ಲಿ ಬರುವುದೆಲ್ಲ ನಮಗೂ ಗೊತ್ತಿರುವ ಸಂಗತಿ. ಊರು ಹತ್ತಿರವಾಗಿ ಫೋನ್ ಸಿಗ್ನಲ್ ಗಟ್ಟಿಯಾದ ಮೇಲೆ ಪ್ರಸಾರ ಭಾರತಿಯ ಆ್ಯಪ್ ಹಾಕುತ್ತೇನೆ. ಬೇಸಿಗೆಯಲ್ಲಿ ಇಲ್ಲಿಯ ರಾತ್ರಿ ಎಂಟು ಅಂದರೆ ಅಲ್ಲಿ ಬೆಳಗಿನ ಆರೂವರೆ. ಪಶ್ಚಿಮದಲ್ಲಿ ಸೂರ್ಯ ಇಳಿಯುತ್ತಿರುವಾಗ ನನ್ನ ಟ್ರಕ್ಕಿನಲ್ಲಿ ಕನ್ನಡದ ಬೆಳಗು ಆಗುತ್ತದೆ. ಇನ್ನೂ ತಡವಾದರೆ, ಪುಕ್ಕಟೆಯ ಎಎಂ ಇದೆ, ನಮ್ಮಲ್ಲಿ ಮೀಡಿಯಂ ವೇವ್ ಅಂತೀವಲ್ಲ, ಅದು. ಸ್ಯಾನ್ ಆಂಟೋನಿಯೊದ ಡಬ್ಲ್ಯುಒಎಐ ಸ್ಟೇಷನ್, 1200 ಕಿಲೋಹರ್ಟ್ಸ್, 50 ಕಿಲೋವ್ಯಾಟ್, ರಾತ್ರಿ ಹೊತ್ತು ನೂರಾರು ಮೈಲಿ ಹರಡುತ್ತದೆ. ಸ್ಯಾಟಲೈಟ್ ಬಂತು ಅಂತ ಎಎಂ ಗುಂಡಿ ಮರೆಯಬೇಡಿ.

ನಮ್ಮ ಗಾಡಿಗೆ ನಾವೇ ಕೈ ಹಾಕುವ ಈ ಅವಕಾಶ ಹೆಚ್ಚು ದಿನ ಇರುವುದಿಲ್ಲ ಅನ್ನುವ ಚಿಂತೆಯೂ ಇದೆ. ಹೊಸ ಗಾಡಿಗಳಲ್ಲಿ ಸ್ಟೀರಿಯೊ ಅನ್ನುವ ಬೇರೆ ಡಬ್ಬವೇ ಇಲ್ಲ. ಒಂದೇ ಪರದೆಯಲ್ಲಿ ಹಾಡು, ಎಸಿ, ಹಿಂದಿನ ಕ್ಯಾಮೆರಾ ಎಲ್ಲ. ಬಿಚ್ಚಿದರೆ ಗಾಡಿಯೇ ಮುನಿಸಿಕೊಳ್ಳುತ್ತದೆ. ತನ್ನ ಗಾಡಿ ತಾನು ರಿಪೇರಿ ಮಾಡುವ ಹಕ್ಕಿಗಾಗಿ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಮತ ಹಾಕಿದರು, 2020ರಲ್ಲಿ ಮತ್ತೆ ಹಾಕಿದರು. ಅವರು ಮಾಡಿದ್ದು ಸರಿ.

ಹೋದ ಡಿಸೆಂಬರಿನಲ್ಲಿ ಅರಸೀಕೆರೆಗೆ ಹೋಗಿದ್ದೆ. 407 ಮಾರಿ ಎಷ್ಟೋ ವರ್ಷ ಆಯಿತು. ಮಾವನ ಮಗನ ಹತ್ತಿರ ಈಗ ಬೊಲೆರೊ ಪಿಕಪ್ ಇದೆ, ಎಳನೀರು ಹೇರುತ್ತಾನೆ. ಅದರಲ್ಲಿ ಸ್ಟೀರಿಯೊ ಇರಲಿಲ್ಲ. "ಭಾವ, ಹಾಸನಕ್ಕೆ ಹೋಗಿ ಅಂಗಡೀಲಿ ಕೊಟ್ಬಿಡೋಣ" ಅಂದ. ಬೇಡ, ಸಾಮಾನು ಮಾತ್ರ ತರೋಣ ಅಂದೆ. ಸ್ಟೀರಿಯೊ, ಎರಡು ಸ್ಪೀಕರ್, ಕಪ್ಲರ್, ಬೆಸುಗೆ ಕಡ್ಡಿ ತಂದೆವು. ಅಂಗಳದಲ್ಲಿ ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಜಗಲಿ ಮೇಲೆ ಎಲ್ಲ ಹರಡಿದೆವು. ಮಾವ ಕುರ್ಚಿ ಹಾಕಿಸಿಕೊಂಡು ಕೂತರು. ಹಳದಿ ಯಾವುದು, ಕೆಂಪು ಯಾವುದು ಅಂತ ಬಾಮೈದನ ಮಗ ಒಂದು ಸಲ ಕೇಳಿಸಿಕೊಂಡ. ಆಮೇಲೆ ನಾನು ವೈರ್ ಮುಟ್ಟಲಿಲ್ಲ, ಅವನೇ ಸೇರಿಸಿದ. ಅರ್ತಿನ ಜಾಗಕ್ಕೆ ಬಣ್ಣ ಕೆರೆಯುವಾಗ ಮಾತ್ರ ಮಾವ ಎದ್ದು ಬಂದು, ಬಗ್ಗಿ, ಹುಡುಗನ ಹೆಗಲ ಮೇಲೆ ಕೈಯಿಟ್ಟು ನೋಡಿದರು. "ಇಷ್ಟೇನಾ ಇದು?" ಅಂದರು.

ಕೀ ತಿರುಗಿಸಿದಾಗ ಮೊದಲು ಬರೀ ಗಾಳಿಯ ಸದ್ದು. ಹುಡುಗ ನಿಧಾನ ಗುಂಡಿ ತಿರುಗಿಸಿದ. ಹಾಸನ ಆಕಾಶವಾಣಿ ಸಿಕ್ಕಿತು, ಯಾರೋ ರೈತರು ತೆಂಗಿನ ನುಸಿರೋಗದ ಬಗ್ಗೆ ಪ್ರಶ್ನೆ ಕೇಳುತ್ತಿದ್ದರು. ಬಾಮೈದ ಹಾಡು ಹುಡುಕೋಣ ಅಂತ ಕೈ ಚಾಚಿದ. "ಇರಲಿ ಬಿಡೋ, ಏನ್ ಹೇಳ್ತಾರೆ ಕೇಳೋಣ" ಅಂತ ಮಾವ ಅವನ ಕೈ ತಡೆದರು. ಗಾಡಿಯ ಎರಡೂ ಬಾಗಿಲು ತೆಗೆದಿಟ್ಟು, ಅಂಗಳದಲ್ಲಿ ನಿಂತು, ಎಲ್ಲರೂ ಕೇಳಿದೆವು.